ಅವ್ವ ಹೇಳಿದ ಒಡಪು

ದೆವ್ವ, ಶಕುನ, ಕನಸಿನ ಫಲ ಇವುಗಳ ಬಗ್ಗೆ ನನ್ನ ನಿಲುವೇನೆಂಬುದು ಗೋಕಾಕದಲ್ಲಿ ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ವಿದ್ಯುತ್ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ತಂತಿಯಲ್ಲಿ ಕರೆಂಟ್ ಇಲ್ಲದೆ ದೀಪ ಹತ್ತುವುದಿಲ್ಲ ಎಂಬುದು ನನ್ನ ಧರ್ಮದ ಮೊದಲನೆಯ ವಾಕ್ಯ. ಹತ್ತಿದೆಯೆಂದರೆ ಕರೆಂಟ್ ಎಲ್ಲಿಂದಲೋ ಬಂದಿದೆ, ಹುಡುಕಿ ನೋಡಿ ಎಂಬುದು ಎರಡನೆಯದು. ಮೂರನೆಯ ವಾಕ್ಯದ ಅಗತ್ಯ ನನಗೆ ಬಿದ್ದಿರಲಿಲ್ಲ. ಯಾರಾದರೂ ಹುಣಸೆಮರದ ಕಥೆ ತೆಗೆದರೆ ನಾನು ಮುಖ ಗಂಭೀರ ಮಾಡಿಕೊಂಡು, "ಆ ಮರದ ಬಾಜೂಕ ನಮ್ಮ ಲೈನ್ ಹೋಗಿತ್ತೇನು?" ಎಂದು ಕೇಳಿ ಅವರ ದೆವ್ವವನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದೆ. ಆದ್ದರಿಂದ ಈಗ ನಾನು ಬರೆಯಹೊರಟಿರುವುದನ್ನು ಓದಿ ಹಳೆಯ ಗೆಳೆಯರು ನಕ್ಕರೆ ಅದು ಅವರ ಹಕ್ಕು. ಓದುಗರು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಮೊದಲು ನಮ್ಮ ಅವ್ವನ ಒಂದು ಪದ್ಧತಿ ಹೇಳಬೇಕು. ಆಕೆ ಗಂಡನ ಹೆಸರು ಹೇಳುತ್ತಿರಲಿಲ್ಲ. ಆ ಕಾಲದ ಯಾವ ಹೆಂಗಸೂ ಹೇಳುತ್ತಿರಲಿಲ್ಲ, ನಿಜ. ಆದರೆ ಉಳಿದವರಿಗೆ ಅದೊಂದು ರೂಢಿ, ಅವ್ವನಿಗೆ ಅದೊಂದು ವ್ರತ. ಅಪ್ಪನ ಹೆಸರು ಬಾಳಪ್ಪ. ಹೀಗಾಗಿ ಅವ್ವನ ಬಾಯಲ್ಲಿ ಬಾಳೆಹಣ್ಣಿಗೆ ಬಾಳೆಹಣ್ಣೆಂಬ ಹೆಸರಿರಲಿಲ್ಲ; ಅದು 'ಸುಲಿಯೂ ಹಣ್ಣು'. ನಮ್ಮ ಕಡೆ ಯಾವುದನ್ನಾದರೂ ಮೆಚ್ಚಬೇಕಾದರೆ 'ಭಾಳ ಚಲೋ ಐತಿ' ಎನ್ನುತ್ತೇವಲ್ಲ, ಅವ್ವ ಅದನ್ನೂ ಬಿಟ್ಟಿದ್ದಳು. ಎಲ್ಲವೂ 'ಅಗದೀ ಚಲೋ'. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರೇನೆಂದು ಕೇಳಿದರೆ ನನ್ನನ್ನು ಮುಂದಕ್ಕೆ ದೂಡಿ, "ಹೇಳೋ ತಮ್ಮಾ, ನಿಮ್ಮಪ್ಪನ ಹೆಸರು" ಎನ್ನುತ್ತಿದ್ದಳು. ಆ ಸರಕಾರಿ ಕೆಲಸ ನನಗೆ ಚಿಕ್ಕಂದಿನಲ್ಲೇ ಗಂಟುಬಿದ್ದಿತ್ತು.

ಇಂಥ ವ್ರತದವರಿಗೂ ನಮ್ಮ ಹಿರಿಯರು ಒಂದು ದಾರಿ ಬಿಟ್ಟಿದ್ದಾರೆ. ಅದೇ ಒಡಪು. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ, ಗಂಡನ ಹೆಸರು ಹೇಳದೆ ಬಿಡುವುದಿಲ್ಲವೆಂದು ಕಾಡುತ್ತಾರೆ. ಆಗ ಆಕೆ ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಹೆಸರನ್ನು ಹುದುಗಿಸಿ ಹೇಳಬೇಕು. ಪದ್ಯದೊಳಗೆ ಹೇಳಿದರೆ ದೋಷವಿಲ್ಲ. ಅವ್ವ ತನ್ನ ಮದುವೆಯಲ್ಲಿ ಅದನ್ನೂ ಹೇಳಲಿಲ್ಲವಂತೆ. ಹೊಸ್ತಿಲಲ್ಲಿ ಅಡ್ಡಗಟ್ಟಿದರೂ ತಲೆ ಬಗ್ಗಿಸಿ ನಿಂತೇ ಇದ್ದಳಂತೆ. ಕೊನೆಗೆ ಅಜ್ಜಿಯೇ ಸೋತು ಒಳಗೆ ಕರೆದುಕೊಂಡಳಂತೆ. ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಹೇಳುವುದನ್ನು ಎಂದೂ ಬಿಡಲಿಲ್ಲ.

ಇನ್ನು ಸಿನಿಮಾದ ಮಾತು. ಅದರ ಹೆಸರು ಹೇಳುವುದಿಲ್ಲ. ಹೆಸರು ಹೇಳದಿರುವುದು ನಮ್ಮ ಮನೆತನದ ಸಂಪ್ರದಾಯ ಎಂದುಕೊಳ್ಳಿ. ಕಪ್ಪು-ಬಿಳುಪಿನ ಸಾಂಸಾರಿಕ ಚಿತ್ರ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಒಂದಾಗುತ್ತಾರೆ, ನಡುವೆ ತಂಗಿಯ ಮದುವೆಯಾಗುತ್ತದೆ. ನಮ್ಮ ಕಡೆ ಮೂರು ತಲೆಮಾರು ಅದನ್ನು ನೋಡಿ ಅತ್ತಿದೆ. ಆ ಮದುವೆಯ ಭಾಗವನ್ನು ಗೋಕಾಕದ ಹತ್ತಿರದ ಒಂದು ಹಳೆಯ ವಾಡೆಯಲ್ಲಿ ತೆಗೆದರು. ನಾನು ಆಗ ಕೈಗೂಸು, ಅವ್ವ ತವರುಮನೆ ಅಂಕಲಗಿಯಲ್ಲಿದ್ದಳು. ಸಿನಿಮಾದವರಿಗೆ ಇಳಕಲ್ ಸೀರೆ ಉಟ್ಟ ಖರೇ ಹೆಂಗಸರು ಬೇಕಾಗಿದ್ದರು. ಅಂಕಲಗಿಯಿಂದ ಒಂದು ಬಂಡಿ ತುಂಬ ಹೆಂಗಸರು ಹೋದರು. ಅವ್ವ ಹೋದಳು, ಕೈಹಿಡಿದುಕೊಂಡು ನಮ್ಮ ಅಕ್ಕನೂ ಹೋದಳು. ಮದುಮಗಳ ಸುತ್ತ ನಿಂತು ಒಡಪು ಹೇಳಿರೆಂದು ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದರಂತೆ.

ಅಪ್ಪ ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರದಲ್ಲಿದ್ದರು. ಅವ್ವ ಊರಿಗೆ ಮರಳಿದಾಗ, "ಹೇಳಿದೇನು?" ಎಂದು ಕೇಳಿದರು. ಅವ್ವ ಹೇಳಿದೆನೆಂದಳು. ಅಂದಿನಿಂದ ಅಪ್ಪ ಆ ಸಿನಿಮಾಕ್ಕೆ ಕಾದರು. ಅದು ಮೂಡಲಗಿಯ ಟೆಂಟಿಗೆ ಬರುವ ಹೊತ್ತಿಗೆ ಊರೂರು ಸುತ್ತಿ ಸವೆದಿತ್ತು. ಮದುಮಗಳು ಮಣೆಯ ಮೇಲೆ ಕೂಡುತ್ತಾಳೆ, ತೆರೆಯ ಮೇಲೆ ಮಳೆ ಸುರಿದಂತೆ ಗೆರೆಗಳು ಬೀಳುತ್ತವೆ, ಚರ್ರೆಂದು ಸಪ್ಪಳವಾಗುತ್ತದೆ, ಮರುಗಳಿಗೆ ಅದೇ ಮದುಮಗಳು ಬಂಡಿಯಲ್ಲಿ ಕೂತು ಅಳುತ್ತಿರುತ್ತಾಳೆ. ಒಡಪಿನ ಭಾಗವೇ ಹರಿದುಹೋಗಿತ್ತು. ಅಪ್ಪ ಆ ಟೆಂಟು ಎತ್ತುವವರೆಗೂ ದಿನಾ ಹೋದರು. ಇಂದು ಹರಿದದ್ದು ನಾಳೆ ಕೂಡಿಕೊಂಡೀತೆಂಬ ಆಸೆ. ಮುಂದೆ ಟಿವಿಯಲ್ಲಿ ಬಂತು, ಕ್ಯಾಸೆಟ್ಟಿನಲ್ಲಿ ಬಂತು. ಎಲ್ಲದರಲ್ಲೂ ಮಣೆಯಿಂದ ನೇರ ಬಂಡಿಗೆ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು.

ಕೆಲವು ವರ್ಷಗಳ ಹಿಂದೆ ಕೊಲ್ಲಾಪುರದ ನಮ್ಮ ಅಳಿಯ ಒಂದು ಡಿಸ್ಕ್ ತಂದುಕೊಟ್ಟ. ಅದೇ ಸಿನಿಮಾ. ಎಲ್ಲಿಯೋ ಕಪಾಟಿನಲ್ಲಿ ಉಳಿದಿದ್ದ ಮೂಲ ಪ್ರತಿಯನ್ನು ಹುಡುಕಿ, ಗೆರೆಗಳನ್ನೆಲ್ಲ ಒರೆಸಿ, ಧ್ವನಿಯನ್ನೂ ತೊಳೆದು ಹೊಸದಾಗಿ ಹೊರತಂದಿದ್ದರು. ಹಿಂದೆ ಕತ್ತರಿಸಿಹೋಗಿದ್ದ ಭಾಗಗಳೂ ಇವೆಯೆಂದು ಡಬ್ಬಿಯ ಮೇಲೆ ಬರೆದಿತ್ತು. ಮೂಡಲಗಿಯಲ್ಲಿ ತಮ್ಮನ ಮನೆಯಲ್ಲಿರುವ ಅಪ್ಪನಿಗೆ ಒಯ್ದು ತೋರಿಸುವ ಮೊದಲು ಒಮ್ಮೆ ಪರೀಕ್ಷಿಸೋಣವೆಂದು ಮಧ್ಯಾಹ್ನ ಊಟವಾದ ಮೇಲೆ ಹಚ್ಚಿದೆ. ಯಾವ ಯಂತ್ರವನ್ನೂ ಪರೀಕ್ಷಿಸದೆ ಜನರ ಮುಂದೆ ಇಡಬಾರದೆಂಬುದು ಇಲಾಖೆ ಕಲಿಸಿದ ಬುದ್ಧಿ. ಹೊರಗೆ ಸುಡುಬಿಸಿಲು. ದೆವ್ವದ ಕಥೆಗೆ ಒಪ್ಪುವಂಥ ಯಾವ ಅನುಕೂಲವೂ ಇರಲಿಲ್ಲ.

ಮದುಮಗಳು ಮಣೆಯ ಮೇಲೆ ಕೂತಳು. ನಾನು ಬಂಡಿಗೆ ಕಾದೆ. ಬಂಡಿ ಬರಲಿಲ್ಲ. ಹೆಂಗಸರ ಸಾಲು ಬಂತು. ಸಾಲಿನ ನಡುವೆ, ತಲೆಯ ಮೇಲೆ ಸೆರಗು ಹೊದ್ದು, ಅವ್ವ. ನನ್ನ ಮಗಳಿಗಿಂತ ಚಿಕ್ಕವಳು. ಮೂಗುತಿಯ ಹೊಳಪು ಕೂಡ ಕಾಣುವಷ್ಟು ಸ್ವಚ್ಛ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹಿಂದೆ ಶಹನಾಯಿ ನುಡಿಯುತ್ತಿತ್ತು. ನೋಡುತ್ತಿದ್ದಂತೆ ಶಹನಾಯಿ ನಿಂತಿತು. ಅವ್ವ ಬಾಯಿಂದ ಸೆರಗು ತೆಗೆದಳು. ಮುಖ ಎತ್ತಿದಳು. ಹೇಳಿದಳು:

"ಬಾಯಾಗ ಬೆಲ್ಲ ಐತಿ, ಬಾಯಿ ತೆರದರ ಬೀಳತೈತಿ;
ಬಿದ್ದರ ಬೀಳಲಿ ತಗೋರಿ, ಬಾಳಪ್ಪನವರ ಹೆಸರೈತಿ."

ಆಮೇಲೆ ಮತ್ತೆ ಶಹನಾಯಿ, ಮತ್ತೆ ಸೆರಗು, ಆಮೇಲೆ ಬಂಡಿ.

ಅಡುಗೆಮನೆಯಲ್ಲಿ ರೊಟ್ಟಿ ಹಿಟ್ಟು ಸೋಸುತ್ತಿದ್ದ ನನ್ನ ಹೆಂಡತಿ ಶಾಂತಾ ಅಲ್ಲಿಂದಲೇ ಕೂಗಿದಳು: "ಏನ್ರಿ, ಹುಕ್ಕೇರಿ ಅಕ್ಕಾರು ಬಂದಾರೇನು?" ಎಂದು. ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಾರ ದನಿ ಕೇಳಿಸ್ತಲ್ಲ. ಮಾವಾರ ಹೆಸರು ತಗೊಂಡಂಗಾತು." ಶಾಂತಾ ಈ ಮನೆಗೆ ಬರುವ ಮೊದಲೇ ಅವ್ವ ಹೋಗಿದ್ದಳು, ಅವ್ವನ ದನಿ ಆಕೆಗೆ ಗೊತ್ತಿರಲಿಕ್ಕೆ ಶಕ್ಯವಿಲ್ಲ. ಹುಕ್ಕೇರಿಗೆ ಕೊಟ್ಟ ನಮ್ಮ ಅಕ್ಕನ ದನಿ ಮಾತ್ರ ಅವ್ವನದೇ ಅಚ್ಚು.

ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದೆ. ಹೆಂಗಸರ ಸಾಲು ಬಂತು. ಅವ್ವ ಬಂದಳು. ಶಹನಾಯಿ ನಿಲ್ಲಲಿಲ್ಲ. ಅವ್ವ ಬಾಯಿಂದ ಸೆರಗು ತೆಗೆಯಲಿಲ್ಲ. ನಗೆಗೆ ಭುಜ ಕುಲುಕಿದವು, ಅಷ್ಟೇ. ಬಂಡಿ ಬಂತು. ಇನ್ನೊಮ್ಮೆ ಹಚ್ಚಿದೆ. ಅದೇ. ಚಹಾದ ಹೊತ್ತಿನವರೆಗೆ ಇಬ್ಬರೂ ಕೂತು ಅದನ್ನೇ ನೋಡಿದೆವು. ನಾನು ನೋಡಿದೆನೆಂದು ಹೇಳಿದ ಚಿತ್ರ ಆ ಡಿಸ್ಕಿನಲ್ಲಿ ಇರಲಿಲ್ಲ.

ಸಹಜವಾಗಿಯೇ ನಾನು ನನ್ನ ಎರಡನೆಯ ವಾಕ್ಯಕ್ಕೆ ಶರಣಾದೆ. ಅಳಿಯನಿಗೆ ಫೋನು ಮಾಡಿ, ಇದರಲ್ಲಿ ಬೇರೊಂದು ಧ್ವನಿಯ ಪಟ್ಟಿ ಇದೆಯೋ ಎಂದು ಕೇಳಿದೆ. ಒಂದೇ ಇದೆ ಎಂದ. ವೈರುಗಳನ್ನು ಬಿಚ್ಚಿ ಮತ್ತೆ ಹಾಕಿದೆ. ಅರ್ಥಿಂಗ್ ನೋಡಿದೆ. ಬಾಜೂ ಮನೆಯವರು ರೇಡಿಯೋ ಹಚ್ಚಿದ್ದರೇ ಎಂದು ವಿಚಾರಿಸಿದೆ. ಅವರ ಮನೆಯಲ್ಲಿ ರೇಡಿಯೋ ಇಲ್ಲವಂತೆ. ಇದ್ದರೂ, ಯಾವ ಆಕಾಶವಾಣಿಯವರು ನಮ್ಮಪ್ಪನ ಹೆಸರು ಪ್ರಸಾರ ಮಾಡಿಯಾರು? ಊಟದ ಮೇಲಿನ ಜೋಂಪಿನಲ್ಲಿ ನನಗೆ ಹಾಗನ್ನಿಸಿತು ಎನ್ನಬಹುದಿತ್ತು. ಆದರೆ ನನ್ನ ಜೋಂಪು ಅಡುಗೆಮನೆಯಲ್ಲಿದ್ದ ಶಾಂತಾಳ ಕಿವಿಗೆ ಹೋದದ್ದು ಯಾವ ತಂತಿಯ ಮೂಲಕ?

ನಾನು ಇದನ್ನು ಯಾರಿಗೂ ಹೇಳುವುದು ಬೇಡವೆಂದು ನಿರ್ಧರಿಸುವಷ್ಟರಲ್ಲಿ ಶಾಂತಾ ಮೂಡಲಗಿಯ ನೆಗೆಣ್ಣಿಗೆ, ಅಂದರೆ ನನ್ನ ತಮ್ಮನ ಹೆಂಡತಿಗೆ, ಫೋನು ಮಾಡಿ ಮುಗಿಸಿದ್ದಳು. ಅತ್ತೆಯವರು ಸಿನಿಮಾದಲ್ಲಿ ಮಾವನವರ ಹೆಸರು ಹೇಳಿದ್ದಾರೆ, ಸ್ವತಃ ಕೇಳಿದ್ದೇವೆ, ನಾಳೆ ತರುತ್ತೇವೆ. ಎರಡನೆಯ ಸಲ ಕೇಳಲಿಲ್ಲ ಎಂಬ ಭಾಗವನ್ನು, ಸಿನಿಮಾದವರಂತೆ, ಆಕೆಯೂ ಕತ್ತರಿಸಿದ್ದಳು.

ಮರುದಿನ ನಾವು ಹೋದಾಗ ಅಪ್ಪ ಪಡಸಾಲೆಯಲ್ಲಿ ತಯಾರಾಗಿ ಕೂತಿದ್ದರು. ತೊಂಬತ್ತರ ಹತ್ತಿರದ ಮನುಷ್ಯ ಕ್ಷೌರ ಮಾಡಿಸಿಕೊಂಡು, ಗಂಜಿ ಹಾಕಿದ ಧೋತರ ಉಟ್ಟು, ಮದುವೆ ಮುಂಜಿಗೆ ಮಾತ್ರ ಸುತ್ತುವ ರುಮಾಲು ಸುತ್ತಿದ್ದರು. ಕಣ್ಣು ಸ್ವಲ್ಪ ಮಂದವಾಗಿದೆ, ಆದರೆ ಕಿವಿ ನನಗಿಂತ ಚುರುಕು. ಸೊಸೆ ಹಿತ್ತಲಲ್ಲಿ ಗೊಣಗಿದ್ದಕ್ಕೂ ಪಡಸಾಲೆಯಿಂದ ಉತ್ತರ ಕೊಡುತ್ತಾರೆ. ಓಣಿಯವರು ಆಗಲೇ ಜಾಗ ಹಿಡಿದಿದ್ದರು. ಅಪ್ಪನ ಜೊತೆಗಾರ ಚನ್ನಬಸು ಕಾಕಾ ಎದುರಿನ ಕುರ್ಚಿಯಿಂದ ಕೆಣಕಿದರು: "ಏನ್ ಬಾಳಪ್ಪ, ಹೆಣ್ಣ ನೋಡಾಕ ಹೊಂಟಾಂಗ ಕಾಣತೈತಿ."

"ಹೆಣ್ಣ ಆವಾಗ ನೋಡೀನಿ. ದನಿ ಕೇಳಾಕ ಕುಂತೀನಿ. ಬಾಯಿ ಮುಚ್ಚು."

ಹಚ್ಚುವ ಮೊದಲು ನಾನು, "ಅಪ್ಪಾ, ಆಕಿ ಏನ್ ಹೇಳ್ಯಾಳಂದ್ರ..." ಎಂದು ಶುರುಮಾಡಿದೆ. ಎಲ್ಲವನ್ನೂ ವಿವರಿಸಿ ಅವರನ್ನು ತಯಾರು ಮಾಡುವ ಉದ್ದೇಶ ನನ್ನದು. ಅಪ್ಪ ಕೈ ಎತ್ತಿ ತಡೆದರು. "ನೀ ಹೇಳಬ್ಯಾಡ. ನಾ ಆಕಿ ಬಾಯಿಲೆ ಕೇಳತೇನಿ."

ಹಚ್ಚಿದೆ. ಹೆಂಗಸರ ಸಾಲು ಬಂದಾಗ ಅಪ್ಪ ಕುರ್ಚಿಯ ಅಂಚಿಗೆ ಸರಿದರು. ಅವ್ವನನ್ನು ಗುರುತಿಸಿದರೆಂದು ಅವರ ಕೈಯಿಂದ ತಿಳಿಯಿತು, ರುಮಾಲು ಸರಿಮಾಡಿಕೊಂಡರು. ಶಹನಾಯಿ ನುಡಿಯಿತು. ಬಂಡಿ ಬಂತು.

"ಎಲ್ಲಿ?" ಎಂದರು ಅಪ್ಪ. ಹಿಂದಕ್ಕೆ ಸರಿಸಿದೆ. ದನಿ ಏರಿಸಿದೆ. ಶಹನಾಯಿ ಓಣಿಯ ತುದಿಗೆ ಕೇಳುವಂತಾಯಿತು. ಯಾರೂ ಉಸಿರೆತ್ತಲಿಲ್ಲ. ಚನ್ನಬಸು ಕಾಕಾನಿಗೆ ಮಾತ್ರ ಆ ಮೌನ ತಡೆಯಲಾಗಲಿಲ್ಲ. "ಹಾಂ, ಕೇಳಿಸ್ತು ನೋಡು ಬಾಳಪ್ಪ. ಸಣ್ಣಗ ಅಂದಳು" ಎಂದರು.

"ಏನಂದಳು?"

"ಹೆಸರಂದಳು."

"ಯಾರ ಹೆಸರು?"

"ನಿಂದ ಅನ್ನು ಮತ್ತ."

"ಮತ್ತ ಅನ್ನಬ್ಯಾಡ. ಕೇಳಿಸ್ತೋ ಇಲ್ಲೋ?"

ಕಾಕಾ ತಲೆ ಎತ್ತಿ ಫ್ಯಾನು ನೋಡತೊಡಗಿದರು. ಒಬ್ಬೊಬ್ಬರೇ ಚಹಾ ಕುಡಿದು ಎದ್ದುಹೋದರು. ಅಪ್ಪ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹುಕ್ಕೇರಿಗೆ ಹೋಗೂಣು" ಎಂದರು. ಅಕ್ಕ ಅಂದು ಅಲ್ಲಿದ್ದವಳು. ಅವಳ ಮನೆಯ ಟಿವಿಯೂ ದೊಡ್ಡದು. ಈ ಎರಡರಲ್ಲಿ ಯಾವುದರ ಮೇಲೆ ಅವರಿಗೆ ಹೆಚ್ಚು ಭರವಸೆಯಿತ್ತೋ ತಿಳಿಯದು.

ಬಾಡಿಗೆ ಕಾರು ಮಾಡಿಕೊಂಡು ಅಪ್ಪನೊಡನೆ ಹುಕ್ಕೇರಿಗೆ ಹೋದೆ. ದೊಡ್ಡ ಟಿವಿಯಲ್ಲಿ ಅವ್ವ ಇನ್ನೂ ದೊಡ್ಡದಾಗಿ ಕಂಡಳು, ಶಹನಾಯಿ ಇನ್ನೂ ಜೋರಾಗಿ ಕೇಳಿತು. ಅಕ್ಕ ಕಣ್ಣೊರೆಸಿಕೊಳ್ಳುತ್ತ, "ಮೂಲ್ಯಾಗ ಅರ್ಧಾ ಜಡಿ ಕಾಣತೈತಲ್ಲ, ಅದು ನಂದು" ಎಂದಳು. ಸಿನಿಮಾ ಇತಿಹಾಸದಲ್ಲಿ ನಮ್ಮ ಮನೆತನದ ಎರಡನೆಯ ಕಾಣಿಕೆ ಆ ಅರ್ಧ ಜಡೆ. ಅಪ್ಪ ಅದನ್ನು ನೋಡಲಿಲ್ಲ. ಅವರು ನೋಡುತ್ತಿದ್ದದ್ದು ಸೆರಗಿನ ತುದಿಯನ್ನು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಬಾಗಿಲು ಮುಂದೆ ಮಾಡಿ, "ತಮ್ಮಾ, ನೀ ಏನ್ ಹಚ್ಚೀಯೋ ಇದನ್ನ?" ಎಂದು ಪಿಸುಗುಟ್ಟಿದಳು. "ಅವ್ವ ಅವತ್ತ ಹೆಸರು ಹೇಳೇ ಇಲ್ಲ."

ಅಪ್ಪನ ಚುರುಕು ಕಿವಿ ನೆನಪಾಗಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ನಾ ಕೈ ಹಿಡಕೊಂಡ ನಿಂತಿದ್ನೋ. ಎಲ್ಲಾರೂ ದೂಡಿದ್ರು, ಸಿನಿಮಾದವರೂ ಕೈ ಮುಗದು ಕೇಳಿದ್ರು. ಈಕಿ ಬಾಯಾಗ ಸೆರಗ ತುರಕ್ಕೊಂಡು ನಕ್ಕಿದ್ದ ನಕ್ಕಿದ್ದು. ಬ್ಯಾಸತ್ತು ಬಿಟ್ರು. ಮನಿಗೆ ಬಂದ ಮ್ಯಾಲ ಅಪ್ಪ ಕೇಳಿದ್ರ ಹೇಳೀನಿ ಅಂದ್ಲು. ನಾ ಇಲ್ಲ ಅನ್ನಾಕ ಹೋದ್ರ ತೊಡಿ ಚಿವುಟಿದ್ಲು. ಇವತ್ತಿನವರೆಗೂ ನಾ ಯಾರ ಮುಂದೂ ಅಂದಿಲ್ಲ."

"ಒಡಪು ಏನಂತ ನಿನಗ ಗೊತ್ತೇನು?" ಎಂದು ಕೇಳಿದೆ.

"ಹೇಳದ ಒಡಪು ನನಗ ಹೆಂಗ ಗೊತ್ತಾಗಬೇಕು? ಅಪ್ಪಗ ಮಾತ್ರ ಇದನ್ನ ಹೇಳಬ್ಯಾಡಪಾ. ನಿನ್ನ ಕೈ ಮುಗಿತೇನಿ."

ಹೇಳುವ ಧೈರ್ಯ ನನಗೆಲ್ಲಿತ್ತು? ಆ ಹೊತ್ತಿಗೆ ನನ್ನ ತಲೆಯೊಳಗೆ ಉಳಿದದ್ದು ಒಂದೇ ಪ್ರಶ್ನೆ. ಅವ್ವ ಹೇಳಿಯೇ ಇಲ್ಲ ಎಂದಾದರೆ, ತೊಳೆದರೂ ಸರಿ, ಒರೆಸಿದರೂ ಸರಿ, ಆ ಸಿನಿಮಾದಿಂದ ಆ ಮಾತು ಹೊರಬರಲು ಅದು ಒಳಗೆ ಹೋದದ್ದಾದರೂ ಯಾವಾಗ?

ಮರಳಿ ಬರುವಾಗ ಘಟಪ್ರಭೆಯ ಸೇತುವೆ ದಾಟಿದೆವು. ಅಪ್ಪ ಡ್ರೈವರನಿಗೆ ಹಾಡು ಬಂದ್ ಮಾಡಲು ಹೇಳಿದರು. ನನ್ನ ಕಡೆ ನೋಡದೆ ಕೇಳಿದರು: "ನೀ ಕೇಳಿದ್ದು ಖರೇನ?"

"ಖರೆ, ಅಪ್ಪಾ." ಅದು ಸುಳ್ಳಾಗಿರಲಿಲ್ಲ.

"ಹಂಗಾರ ಇನ್ನ ನೀನ ಹೇಳು."

ನಾನು ಗಂಟಲು ಸರಿಮಾಡಿಕೊಂಡೆ. "ಬಾಯಾಗ ಬೆಲ್ಲ ಐತಿ..." ಎಂದೆ.

ಅಪ್ಪ ತಟ್ಟನೆ ತಿರುಗಿದರು. "ಬಾಯಿ ತೆರದರ ಬೀಳತೈತಿ" ಎಂದು ಅವರೇ ಮುಂದುವರಿಸಿದರು. "ಬಿದ್ದರ ಬೀಳಲಿ ತಗೋರಿ... ಇಲ್ಲೀತನಕ ನನಗೂ ಹೇಳಿದ್ಲು. ಅಂಕಲಗಿಯಿಂದ ಬಂದ ದಿನಾ ರಾತ್ರಿ, ನಿಮ್ಮನ್ನೆಲ್ಲಾ ಮಲಗಿಸಿದ ಮ್ಯಾಲ. ಮುಂದಿಂದು ಹೇಳಂದ್ರ, 'ಮುಂದಿಂದು ಸಿನಿಮಾದಾಗ ಐತಿ, ಹೋಗಿ ಕೇಳ್ರಿ' ಅಂದ್ಲು. ನಾ ಇದನ್ನ ಯಾರಿಗೂ ಹೇಳಿಲ್ಲ. ನಿನಗ ಹೆಂಗ ಬಂತು?"

ನಾನು ಎರಡೂ ಕೈ ತೆರೆದು ತೋರಿಸಿದೆ.

"ಹೂಂ, ಮುಂದ?"

"ಬಾಳಪ್ಪನವರ ಹೆಸರೈತಿ."

ಅಪ್ಪ ಕಿಟಕಿಯ ಹೊರಗೆ ಕಬ್ಬಿನ ಗದ್ದೆಗಳನ್ನು ನೋಡಿದರು. ಕಾಯಿಪಲ್ಲೆ ಸಂತೆಯಲ್ಲಿ ತಕ್ಕಡಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವಾಗ ಇರುತ್ತದಲ್ಲ, ಅಂಥ ಮುಖ. ಆಮೇಲೆ ಹೇಳಿದರು: "ಅದು ನೀ ಅಂದದ್ದಾತು ತಮ್ಮಾ. ಆಕಿ ಹೆಂಗಂದ್ಲು?"

"ಹಿಂಗ... ಹಿಂಗ ಅಂದ್ಲು ಅಪ್ಪಾ."

"ಮೆಲ್ಲಕ ಅಂದ್ಲೇನು? ನಕ್ಕೋತ ಅಂದ್ಲೇನು? ಹೆಸರಿಗೆ ಬಂದಾಗ ನಿಂತಳೇನು? ಓಡಿಸಿದಳೇನು?"

ಓದುಗರೇ, ಮೂಡಲಗಿ ಬರುವವರೆಗೂ ನಾನು ಪ್ರಯತ್ನಿಸಿದೆ. ಮೆಲ್ಲಗೆ ಹೇಳಿದೆ, ನಗುತ್ತ ಹೇಳಿದೆ, ಹೆಸರಿನ ಮುಂದೆ ನಿಂತು ಹೇಳಿದೆ. ಅರವತ್ತು ದಾಟಿದ ಗಂಡಸು, ಮೀಸೆ ಹೊತ್ತುಕೊಂಡು, ಬಾಡಿಗೆ ಕಾರಿನಲ್ಲಿ ನಾಚಿಕೆಯ ಹೆಂಗಸಿನಂತೆ ತನ್ನ ತಂದೆಯ ಹೆಸರು ಹೇಳುತ್ತಿದ್ದ. ಡ್ರೈವರ್ ಕನ್ನಡಿಯಲ್ಲಿ ನೋಡಿದ, ನೋಡಲಿ. ಪ್ರತಿಸಲ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು, ಪ್ರತಿಸಲ ಕಣ್ಣು ತೆರೆದು, "ಅಲ್ಲ ಬಿಡು" ಎನ್ನುತ್ತಿದ್ದರು. ನನ್ನ ಕಿವಿಯಲ್ಲಿ ಆ ದನಿ ಅಷ್ಟು ಸ್ಪಷ್ಟವಾಗಿತ್ತು, ಈಗಲೂ ಇದೆ. ಅದನ್ನು ಅಲ್ಲಿಂದ ತೆಗೆದು ಪಕ್ಕದಲ್ಲೇ ಕೂತವರ ಕಿವಿಗೆ ಹಾಕುವ ಉಪಾಯ ನನಗೆ ಸಿಗಲಿಲ್ಲ. ಬೇಡದ ನನಗೆ ಕೇಳಿಸಿದ್ದೇಕೆ, ಜನ್ಮವಿಡೀ ಬೇಡಿದವರಿಗೆ ಕೇಳಿಸದಿದ್ದದ್ದೇಕೆ ಎಂದು ಯಾರನ್ನು ಕೇಳಬೇಕೆಂಬುದೂ ತಿಳಿಯಲಿಲ್ಲ. ಇಲಾಖೆಯಲ್ಲಾದರೆ ದೂರು ಕೊಡಲು ಒಂದು ಕಿಟಕಿಯಾದರೂ ಇರುತ್ತಿತ್ತು.

ಅಪ್ಪ ಇದ್ದಾರೆ. ಡಿಸ್ಕ್ ಮೂಡಲಗಿಯಲ್ಲೇ ಇದೆ. ನಾನು ಹೋದಾಗಲೆಲ್ಲ ಚಹಾ ಆದ ಮೇಲೆ ರಿಮೋಟನ್ನು ನನ್ನ ಕೈಗೆ ಕೊಟ್ಟು, "ನೀ ಹಚ್ಚು. ನಿನ್ನ ಕೈಲೆ ಹಚ್ಚಿದ್ರ ಬಂದೀತು" ಎನ್ನುತ್ತಾರೆ. ಹಚ್ಚುತ್ತೇನೆ. ಮಣೆ, ಹೆಂಗಸರ ಸಾಲು, ಶಹನಾಯಿ. ಮೊದಮೊದಲು ಅಪ್ಪ ಟಿವಿಯ ಕಡೆಗೇ ಕಣ್ಣಿಟ್ಟು ಕೂಡುತ್ತಿದ್ದರು. ಈಗ ಹಾಗಲ್ಲ. ಅವ್ವ ತೆರೆಯ ಮೇಲೆ ಬಂದಳೆಂದರೆ ಅವರು ಕುರ್ಚಿ ತಿರುಗಿಸಿ ನನ್ನ ಮುಖ ನೋಡುತ್ತಾರೆ, ನನಗೆ ಕೇಳಿಸಿತೋ ಎಂದು. ಆ ಹೊತ್ತಿನಲ್ಲಿ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೋ ನನಗೆ ತಿಳಿಯುವುದಿಲ್ಲ.